ಹರಾಜಿಗೆ ಎಷ್ಟು ದಿನದ ಗಡುವು?

1662ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ನೌಕಾ ಇಲಾಖೆ ತನ್ನ ಕೆಲವು ಹಳೆಯ ಹಡಗುಗಳನ್ನು ಹರಾಜಿಗಿಟ್ಟಿತು. ಆಗಿನ ಪದ್ಧತಿ ವಿಚಿತ್ರ. ಮೇಣದಬತ್ತಿಯ ಪುಟ್ಟ ತುಂಡೊಂದನ್ನು ಹಚ್ಚಿಡುವುದು. ಅದು ಆರುವ ಮುನ್ನ ಕೊನೆಯದಾಗಿ ಕೂಗಿದವನಿಗೆ ಮಾಲು. ಅದೇ ಇಲಾಖೆಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಬರೆದಿರುವಂತೆ, ಅಲ್ಲೊಬ್ಬ ಚಾಣಾಕ್ಷನಿದ್ದ. ಸರಿಯಾಗಿ ಕೊನೆಯ ಕ್ಷಣಕ್ಕೇ ಕೂಗಿ ಮಾಲನ್ನು ಹೊಡೆದುಕೊಳ್ಳುತ್ತಿದ್ದ. ಗುಟ್ಟೇನೆಂದು ವಿಚಾರಿಸಿದರೆ, ಬತ್ತಿ ಆರುವ ಹೊತ್ತಿಗೆ ಹೊಗೆ ಕೆಳಗಿಳಿಯುತ್ತದೆ, ತಾನು ಅದನ್ನೇ ಗಮನಿಸುತ್ತಿರುತ್ತೇನೆ ಎಂದನಂತೆ.

1995ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಿಯರ್ ಒಮಿಡ್ಯಾರ್ ಆರಂಭಿಸಿದ, ಮುಂದೆ 'ಇಬೇ' ಎಂದು ಹೆಸರಾದ ಅಂತರ್ಜಾಲದ ಹರಾಜುಕಟ್ಟೆಯಲ್ಲಿ ಮೇಣದಬತ್ತಿಯಿಲ್ಲ, ಗಡಿಯಾರವಿದೆ. ಹೊಗೆ ನೋಡುವವರು ಮಾತ್ರ ಇದ್ದೇ ಇದ್ದಾರೆ.

ನಮ್ಮೂರ ಹರಾಜಿನಲ್ಲಿ 'ಒಂದು ಸಲ, ಎರಡು ಸಲ' ಎನ್ನುವಷ್ಟರಲ್ಲಿ ಹಿಂದಿನಿಂದ ಯಾರೋ ಕೈ ಎತ್ತಿದರೆ ಕೂಗುವವನು ನಿಲ್ಲುತ್ತಾನೆ, ಎಣಿಕೆ ಮತ್ತೆ ಮೊದಲಿನಿಂದ. ಇಬೇ ಗಡಿಯಾರಕ್ಕೆ ಈ ದಾಕ್ಷಿಣ್ಯವಿಲ್ಲ. ಮಾರುವವನು 1, 3, 5, 7 ಅಥವಾ 10 ದಿನಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಸೋಮವಾರ ಬೆಳಿಗ್ಗೆ 11ಕ್ಕೆ ಏಳು ದಿನಕ್ಕೆಂದು ಹಾಕಿದ ವಸ್ತು ಮುಂದಿನ ಸೋಮವಾರ ಬೆಳಿಗ್ಗೆ 11ಕ್ಕೇ ಮುಗಿಯುತ್ತದೆ. ಆಗ ಕೊಳ್ಳುವವರು ಕಚೇರಿಯಲ್ಲಿ ಕೆಲಸದಲ್ಲಿರುತ್ತಾರೆ ಎಂಬುದು ಗಡಿಯಾರಕ್ಕೆ ಸಂಬಂಧವಿಲ್ಲದ ವಿಷಯ.

ಎಷ್ಟು ದಿನ ಎನ್ನುವುದು ಬೆಲೆಯನ್ನು ನಿಜಕ್ಕೂ ಬದಲಿಸುತ್ತದೆಯೇ? ಡೇವಿಡ್ ಲಕಿಂಗ್-ರೈಲಿ ಮತ್ತು ಸಂಗಡಿಗರು ಇದನ್ನು ಅಳೆದು ನೋಡಿದರು. ಅವರು ಆರಿಸಿಕೊಂಡದ್ದು ಅಮೆರಿಕದ ಹಳೆಯ 'ಇಂಡಿಯನ್ ಹೆಡ್' ಒಂದು ಸೆಂಟ್ ನಾಣ್ಯಗಳನ್ನು. (ಈ 'ಇಂಡಿಯನ್' ನಮ್ಮವನಲ್ಲ, ಅದು ಅಮೆರಿಕದ ಮೂಲನಿವಾಸಿಗಳ ಗರಿಯ ಕಿರೀಟ ತೊಟ್ಟ ಸ್ತ್ರೀಮುಖ.) 2007ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ 3 ದಿನ ಮತ್ತು 5 ದಿನದ ಹರಾಜುಗಳಲ್ಲಿ ಬೆಲೆ ಹೆಚ್ಚುಕಡಿಮೆ ಒಂದೇ. 7 ದಿನದ ಹರಾಜಿನಲ್ಲಿ ಸುಮಾರು ಶೇ. 24ರಷ್ಟು ಹೆಚ್ಚು, 10 ದಿನದ್ದಾದರೆ ಶೇ. 42ರಷ್ಟು.

ಕಾರಣ ಊಹಿಸುವುದು ಕಷ್ಟವಲ್ಲ. ಹಳೆಯ ನಾಣ್ಯ ಬೇಕೆನ್ನುವವರು ಊರಿಗೊಬ್ಬರು. ಅವರೆಲ್ಲರ ಕಣ್ಣಿಗೆ ಬೀಳಲು ದಿನಗಳು ಬೇಕು. ಅಜ್ಜನ ಕಾಲದ ಕ್ಯಾಮೆರಾ ಮಾರುವವನಿಗೂ ಇದೇ ಮಾತು ಸಲ್ಲುತ್ತದೆ: ಇರುವುದೊಂದೇ ಕ್ಯಾಮೆರಾ, ಮೂರು ದಿನದಲ್ಲಿ ನೋಡಿದವನೊಬ್ಬನೇ ಆದರೆ ಆತ ಹೇಳಿದ್ದೇ ಬೆಲೆ. ಹಾಗೆಂದು ಎಲ್ಲಕ್ಕೂ ಹತ್ತು ದಿನ ಇಡುವುದು ಜಾಣತನವಲ್ಲ. ಶನಿವಾರದ ಸಂಗೀತ ಕಛೇರಿಯ ಟಿಕೆಟ್ಟು ಭಾನುವಾರಕ್ಕೆ ರದ್ದಿ ಕಾಗದ. ಎಲ್ಲೆಡೆ ಸಿಗುವ ಮೊಬೈಲು, ಚಾರ್ಜರುಗಳಿಗಾಗಿ ಹತ್ತು ದಿನ ಕಾಯುವ ತಾಳ್ಮೆ ಯಾವ ಗಿರಾಕಿಗೂ ಇರುವುದಿಲ್ಲ. ನಾಣ್ಯದ ಶೇಕಡಾವಾರನ್ನು ಚಾರ್ಜರಿಗೆ ಅನ್ವಯಿಸಬಾರದು.

ದಿನಗಳ ಸಂಖ್ಯೆಗಿಂತ ಮುಖ್ಯವಾದದ್ದು ಕೊನೆಯ ಗಳಿಗೆ. ಇಬೇಯಲ್ಲಿ ಕೊಳ್ಳುವವನು ತಾನು ಕೊಡಬಲ್ಲ ಗರಿಷ್ಠ ಬೆಲೆಯನ್ನು ಗುಟ್ಟಾಗಿ ತಿಳಿಸಿಡಬಹುದು. ಎದುರಾಳಿ ಏರಿಸಿದಷ್ಟಕ್ಕೆ ತಕ್ಕಂತೆ ಕಂಪ್ಯೂಟರೇ ಅವನ ಪರವಾಗಿ ಏರಿಸುತ್ತಾ ಹೋಗುತ್ತದೆ. ಆದರೂ ಬಹಳ ಮಂದಿ ಕೊನೆಯ ನಿಮಿಷದವರೆಗೆ ಬಾಯಿ ಬಿಡುವುದಿಲ್ಲ. ಇದನ್ನು ಅಧ್ಯಯನ ಮಾಡಿದವರು ಆಲ್ವಿನ್ ರಾತ್ ಮತ್ತು ಆಕ್ಸೆಲ್ ಒಕೆನ್‌ಫೆಲ್ಸ್. ರಾತ್ ಮುಂದೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಆ ದಿನಗಳಲ್ಲಿ ಅಮೆಜಾನ್ ಕೂಡ ಹರಾಜು ನಡೆಸುತ್ತಿತ್ತು. ಕೊನೆಯ ಹತ್ತು ನಿಮಿಷದಲ್ಲಿ ಯಾರಾದರೂ ಕೂಗಿದರೆ ಅಲ್ಲಿ ಗಡುವು ತಾನಾಗಿ ಮುಂದೆ ಹೋಗುತ್ತಿತ್ತು, ನಮ್ಮೂರ ಹರಾಜಿನಂತೆಯೇ. ಅಲ್ಲಿ ಕೊನೆಗಳಿಗೆಯ ಕೂಗು ಕಡಿಮೆ, ಇಬೇಯಲ್ಲಿ ಬಹಳ ಹೆಚ್ಚು ಎಂದು ಇಬ್ಬರೂ 2002ರಲ್ಲಿ ತೋರಿಸಿದರು.

ಆದ್ದರಿಂದ ಅನುಭವಸ್ಥರು ಲೆಕ್ಕವನ್ನು ಹಿಂದಿನಿಂದ ಹಾಕುತ್ತಾರೆ. ಮೊದಲು ಮುಗಿಯುವ ಹೊತ್ತು, ಆಮೇಲೆ ಆರಂಭ. ಅಮೆರಿಕದ ಗಿರಾಕಿಗಳಿಗೆ ಭಾನುವಾರ ಸಂಜೆ ಒಳ್ಳೆಯದೆಂಬುದು ಮಾರುವವರಲ್ಲಿ ಬಹುಕಾಲದಿಂದಿರುವ ನಂಬಿಕೆ. ಪಶ್ಚಿಮ ಕರಾವಳಿಯಲ್ಲಿ ಸಂಜೆ 6 ಆದಾಗ ನ್ಯೂಯಾರ್ಕಿನಲ್ಲಿ ರಾತ್ರಿ 9. ಎರಡೂ ಕಡೆ ಜನ ಎಚ್ಚರವಾಗಿರುತ್ತಾರೆ. ಆ ಗಳಿಗೆಗೆ ಮುಗಿಯಬೇಕಾದರೆ ಮೂರು ದಿನದ್ದನ್ನು ಗುರುವಾರ, ಐದರದ್ದನ್ನು ಮಂಗಳವಾರ, ಏಳರದ್ದನ್ನು ಹಿಂದಿನ ಭಾನುವಾರ ಹಾಕಬೇಕು. ಹತ್ತು ದಿನದ್ದನ್ನು ಹಿಂದಿನ ವಾರದ ಗುರುವಾರ ಹಾಕಿದರೆ ಎರಡು ವಾರಾಂತ್ಯಗಳು ದಕ್ಕುತ್ತವೆ. ಅಲ್ಲಿನ ಫುಟ್‌ಬಾಲ್ ಫೈನಲ್ ಇರುವ ಭಾನುವಾರವನ್ನು ಮಾತ್ರ ಬಿಟ್ಟುಬಿಡುವುದು ಕ್ಷೇಮ.

ಇಷ್ಟೆಲ್ಲ ಮೊದಲೇ ಯೋಚಿಸಬೇಕಾದುದೇಕೆಂದರೆ, ಒಮ್ಮೆ ಯಾರಾದರೂ ಬೆಲೆ ಕೂಗಿದ ಮೇಲೆ ಮುಗಿಯುವ ಹೊತ್ತನ್ನು ಸರಿಸಲಾಗದು. ಬೆಲೆ ಏರಲಿಲ್ಲವೆಂದು ಕೊನೆಯ 12 ಗಂಟೆಯೊಳಗೆ ಹಿಂದೆ ಸರಿಯುವುದೂ ಆಗದು. ಆಗ ಮುಗಿಸುವುದಾದರೆ ಅತಿ ಹೆಚ್ಚು ಕೂಗಿದವನಿಗೆ ಕೊಡಲೇಬೇಕು. ಅಜ್ಜನ ಕ್ಯಾಮೆರಾ ಸಿಕ್ಕ ಬೆಲೆಗೆ ಹೋಗುವುದು ಹೀಗೆ.

ಇಬೇ 2004ರಲ್ಲಿ ನಮ್ಮ ದೇಶದ 'ಬಾಜೀ ಡಾಟ್ ಕಾಮ್' ಅನ್ನು ಕೊಂಡು ಇಲ್ಲಿಗೂ ಬಂದಿತ್ತು. 2017ರಲ್ಲಿ ಆ ವ್ಯವಹಾರ ಬೆಂಗಳೂರಿನ ಫ್ಲಿಪ್‌ಕಾರ್ಟ್ ಕೈಗೆ ಹೋಯಿತು, ಮರುವರ್ಷ ಅಂಗಡಿಯೇ ಮುಚ್ಚಿತು. ಆದರೆ ಇಲ್ಲಿಂದ ಅಮೆರಿಕದ ಗಿರಾಕಿಗಳಿಗೆ ಒಡವೆ, ಕರಕುಶಲ ವಸ್ತು ಮಾರುವವರು ಈಗಲೂ ಇದ್ದಾರೆ. ಅವರ ಪಾಡು ಬೇರೆ. ಭಾನುವಾರ ಊಟ, ನಿದ್ದೆ ಮುಗಿಸಿ ಸಂಜೆ 4ಕ್ಕೆ ಹರಾಜಿಗೆ ಹಾಕಿದರೆ, ಬೇಸಿಗೆಯ ತಿಂಗಳುಗಳಲ್ಲಿ ಆಗ ನ್ಯೂಯಾರ್ಕಿನಲ್ಲಿ ಬೆಳಗಿನ ಆರೂವರೆ, ಕ್ಯಾಲಿಫೋರ್ನಿಯಾದಲ್ಲಿ ನಸುಕಿನ ಮೂರೂವರೆ. ವಾರದ ನಂತರ ಹರಾಜು ಮುಗಿಯುವುದೂ ಅದೇ ಹೊತ್ತಿಗೆ, ಗಿರಾಕಿಗಳೆಲ್ಲ ಹೊದ್ದು ಮಲಗಿರುವಾಗ. ಅಲ್ಲಿನ ಭಾನುವಾರ ಸಂಜೆ ಇಲ್ಲಿನ ಸೋಮವಾರ ಬೆಳಗಿನ ಆರೂವರೆ. ಚಳಿಗಾಲದಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಿಡುವುದರಿಂದ ಏಳೂವರೆ. ಅಷ್ಟು ಬೇಗ ಏಳಲು ಮನಸ್ಸಿಲ್ಲದವರು ಆರಂಭದ ಸಮಯವನ್ನು ಹಿಂದಿನ ದಿನವೇ ನಿಗದಿಪಡಿಸಿಟ್ಟು ಮಲಗಬಹುದು.