ಚಂದ್ರನ ಮಡಿಲಿನ ಜಿಂಕೆ

ಹುಣ್ಣಿಮೆಯ ರಾತ್ರಿ ಎಲೆಕ್ಟ್ರಾನಿಕ್ ಸಿಟಿಯ ನಮ್ಮ ತಾರಸಿಯಲ್ಲಿ ಮೊಮ್ಮಗಳಿಗೆ ಚಂದ್ರನನ್ನು ತೋರಿಸುತ್ತಿದ್ದೆ. ಅದರೊಳಗಿನ ಕಲೆಯನ್ನು ಮೊಲ ಅಂದವರಿಗೆ ಚಂದ್ರ ಶಶಾಂಕ, ಜಿಂಕೆ ಅಂದವರಿಗೆ ಮೃಗಾಂಕ ಎಂದೆ.

"ತಾತ, ಅಮೆರಿಕದ ಎಲ್ಕ್ ಜಿಂಕೆಗಳು ಹುಣ್ಣಿಮೆ ನೋಡಿಯೇ ಸಂಗಾತಿಯನ್ನು ಹುಡುಕುತ್ತವಂತೆ. ನಮ್ಮ ಬನ್ನೇರುಘಟ್ಟದ ಜಿಂಕೆಗಳೂ ಹಾಗೇನಾ?" ಎಂದಳು.

ಎಲ್ಕ್ ನಮ್ಮ ಕಡವೆಯ ದೂರದ ನೆಂಟ. ಸೆಪ್ಟೆಂಬರ್-ಅಕ್ಟೋಬರ್ ಅದರ ಬೆದೆಯ ಕಾಲ. ಗಂಡುಗಳು ಕಹಳೆಯಂತೆ ಕೂಗುತ್ತವೆ, ಕೊಂಬಿಗೆ ಕೊಂಬು ಕೊಟ್ಟು ಕಾದಾಡುತ್ತವೆ. ಆಗ ಹುಣ್ಣಿಮೆಯೂ ಬರುವುದರಿಂದ ಚಂದ್ರನೇ ಕಾರಣ ಎಂದು ನಂಬುವವರಿದ್ದಾರೆ.

ನಾನು ಬ್ಯಾಂಕಿನ ಗುಮಾಸ್ತನಾಗಿದ್ದವನು, ತಾಳೆ ನೋಡದೆ ಒಪ್ಪುವವನಲ್ಲ. ಹನ್ನೆರಡು ಚಾಂದ್ರಮಾಸಕ್ಕೆ ಸುಮಾರು 354 ದಿನ, ವರ್ಷಕ್ಕೆ 365. ಪ್ರತಿ ವರ್ಷ 11 ದಿನ ಬಾಕಿ. ಪಂಚಾಂಗದವರು ಅಧಿಕ ಮಾಸ ಸೇರಿಸಿ ಅದನ್ನು ಸರಿದೂಗಿಸುತ್ತಾರೆ. ಎಲ್ಕ್‌ಗೆ ಪಂಚಾಂಗ ಎಲ್ಲಿದೆ? ಹನ್ನೆರಡು ಹುಣ್ಣಿಮೆ ಎಣಿಸುತ್ತಾ ಹೋದರೆ ಬೆದೆ ವರ್ಷವರ್ಷವೂ ಹಿಂದೆ ಸರಿದು, ಒಂದು ದಿನ ಮರಿ ಹಿಮದಲ್ಲೇ ಹುಟ್ಟೀತು! ಎಂಟು ತಿಂಗಳ ಗರ್ಭ ಕಳೆದು ಮೇ-ಜೂನ್‌ನ ಹೊಸ ಹುಲ್ಲಿಗೆ ಅದು ಹುಟ್ಟಬೇಕು. ಅದಕ್ಕೇ ಎಲ್ಕ್ ನಂಬುವುದು ಸೂರ್ಯನನ್ನು. ಹಗಲು ಕುಗ್ಗಿ ಇರುಳು ಬೆಳೆದಂತೆ ಮಿದುಳಿನ ಪುಟ್ಟ ಗ್ರಂಥಿಯೊಂದು ಮೆಲಟೋನಿನ್ ಎಂಬ ರಸವನ್ನು ಹೆಚ್ಚು ಹೊತ್ತು ಸುರಿಸುತ್ತದೆ. ಬೆದೆಗೆ ಅದೇ ಗಂಟೆ.

ಬನ್ನೇರುಘಟ್ಟದ ಚುಕ್ಕೆ ಜಿಂಕೆಯ ಲೆಕ್ಕವೇ ಬೇರೆ. ಎಲ್ಕ್ ಇರುವ ಯೆಲ್ಲೋಸ್ಟೋನ್‌ನಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಆರು ಗಂಟೆಗೂ ಹೆಚ್ಚು ವ್ಯತ್ಯಾಸ. ಬೆಂಗಳೂರಿನಲ್ಲಿ ಸುಮಾರು ಒಂದೂವರೆ ಗಂಟೆ ಮಾತ್ರ. ಇಲ್ಲಿ ಹಿಮದ ಭಯವೂ ಇಲ್ಲ. ಹಾಗಾಗಿ ಒಂದೇ ಹಿಂಡಿನಲ್ಲಿ ಒಂದು ಗಂಡಿಗೆ ಗಟ್ಟಿ ಕೊಂಬು, ಇನ್ನೊಂದಕ್ಕೆ ಮಖಮಲ್ಲಿನಂಥ ಚರ್ಮ ಹೊದ್ದ ಎಳೆ ಕೊಂಬು. ಕೊಂಬು ಗಟ್ಟಿಯಾದ ಗಂಡಿಗೆ ಬೆದೆ. ಮರಿಗಳು ಯಾವ ತಿಂಗಳಲ್ಲೂ ಹುಟ್ಟಬಹುದು.

"ಹಾಗಾದರೆ ಚಂದ್ರನಿಗೆ ಕೆಲಸವೇ ಇಲ್ವಾ?"

ಇದೆ ಪುಟ್ಟಿ. ಜಿಂಕೆಯ ಕಣ್ಣಿನೊಳಗೆ ಕನ್ನಡಿಯಂಥ ಪದರವಿದೆ. ಅದಕ್ಕೆ ಬೆಳದಿಂಗಳೇ ದೀಪ. ಆದರೆ ಆ ದೀಪ ಚಿರತೆಗೂ ಉರಿಯುತ್ತದೆ! ಎಲ್ಲಿ ಮೇಯಬೇಕು, ಎಲ್ಲಿ ಅಡಗಬೇಕು ಎಂಬುದಕ್ಕೆ ಬೆಳಕೂ ಬೇಕು, ಕತ್ತಲೂ ಬೇಕು.

ಮಕ್ಕಳೇ, ನಮ್ಮ ತಾರಸಿಯಿಂದ ನೋಡಿದರೆ ಅಮಾವಾಸ್ಯೆಯಲ್ಲೂ ಆಕಾಶ ಕಪ್ಪಾಗುವುದಿಲ್ಲ. ಕಾಡಂಚಿನವರೆಗೂ ಬಂದ ನಮ್ಮ ದೀಪಗಳು ಅಲ್ಲಿನ ಪ್ರಾಣಿಗಳಿಗೆ ದಿನವೂ ಹುಣ್ಣಿಮೆ ಹೇರುತ್ತಿವೆ. ತಿಂಗಳಿಗೊಮ್ಮೆ ಚಂದ್ರನಾದರೂ ಕತ್ತಲನ್ನು ಹಿಂದಿರುಗಿಸುತ್ತಾನೆ. ನಾವು ಪಡೆದ ಸಾಲ ತೀರಿಸುವವರಲ್ಲ.

ಕೆಳಗಿಳಿಯುವಾಗ ಮೊಮ್ಮಗಳು ನಾನು ಹೇಳದೆಯೇ ತಾರಸಿಯ ಲೈಟ್ ಆರಿಸಿದಳು. ಮೃಗಾಂಕ ಇನ್ನಷ್ಟು ಬೆಳಗಿದ.