ಬಾನೆಟ್ಟಿನ ಮೇಲೆ ಬಾವುಟ, ಒಳಗೆ ತೆರಿಗೆಯ ಲೆಕ್ಕ

1959ರಲ್ಲಿ ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿ ಎರಡು ಕಾರುಗಳು ಮಾರಾಟಕ್ಕಿದ್ದವು. ಅಮೆರಿಕದ್ದು ಕ್ಯಾಡಿಲಾಕ್. ಉದ್ದ 5.7 ಮೀಟರ್, ಎಂಟು ಸಿಲಿಂಡರಿನ 6.4 ಲೀಟರ್ ಎಂಜಿನ್, ಹಿಂಬದಿಯಲ್ಲಿ ಯುದ್ಧವಿಮಾನದ ಬಾಲದಂತೆ ಎದ್ದುನಿಂತ ಎರಡು ರೆಕ್ಕೆ. ಇಂಗ್ಲೆಂಡಿನದು ಮಿನಿ. ಉದ್ದ ಬರೀ 3.05 ಮೀಟರ್, ಎಂಜಿನ್ 848 ಸಿಸಿ. ಅದರ ವಿನ್ಯಾಸಕಾರ ಅಲೆಕ್ ಇಸಿಗೋನಿಸ್ ಎಂಜಿನನ್ನು ಅಡ್ಡಲಾಗಿ ಕೂರಿಸಿ, ಗೇರ್‌ಬಾಕ್ಸನ್ನು ಅದರ ಅಡಿಗೇ ತಳ್ಳಿ, ಉಳಿದ ಜಾಗವನ್ನೆಲ್ಲ ನಾಲ್ಕು ಜನರಿಗೆ ಬಿಟ್ಟುಕೊಟ್ಟರು.

ಇವೆರಡರ ಚಿತ್ರವನ್ನು ಅಕ್ಕಪಕ್ಕ ಇಟ್ಟವರು ಸಾಮಾನ್ಯವಾಗಿ ಒಂದೇ ತೀರ್ಮಾನಕ್ಕೆ ಬರುತ್ತಾರೆ. ಅಮೆರಿಕನ್ನರಿಗೆ ಆಡಂಬರ ಇಷ್ಟ, ಯುರೋಪಿನವರಿಗೆ ಅಚ್ಚುಕಟ್ಟು ಇಷ್ಟ, ಅದು ಅವರವರ ಹುಟ್ಟುಗುಣ ಎಂದು. ಅಮೆರಿಕದ ಕಾರು ನೇರ ರಸ್ತೆಯಲ್ಲಿ ಓಡುವುದಕ್ಕಷ್ಟೇ ಲಾಯಕ್ಕು ಎಂದು ಯುರೋಪಿನವರು ಹೀಗಳೆಯುತ್ತಾರೆ. ಯುರೋಪಿನ ಕಾರು ದುಬಾರಿ, ರಿಪೇರಿಗೆ ನಿಂತರೆ ಮೇಲೇಳದು ಎಂದು ಅಮೆರಿಕನ್ನರು ತಿರುಗಿಸಿ ಹೇಳುತ್ತಾರೆ. ಎಪ್ಪತ್ತು ವರ್ಷಗಳಿಂದ ನಡೆದು ಬಂದಿರುವ ಈ ಜಗಳದಲ್ಲಿ ಹುಟ್ಟುಗುಣದ ಪಾತ್ರ ಬಹಳ ಕಡಿಮೆ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರಿಗೆ ಆಕಾರ ಕೊಟ್ಟದ್ದು ತೆರಿಗೆ, ಪೆಟ್ರೋಲಿನ ಬೆಲೆ ಮತ್ತು ರಸ್ತೆಯ ಅಗಲ. ರಾಷ್ಟ್ರಾಭಿಮಾನ ಆಮೇಲೆ ಬಳಿದ ಬಣ್ಣ.

ಮಿನಿ ಹುಟ್ಟಿದ್ದೇ ಸೂಯೆಜ್ ಕಾಲುವೆಯ ಬಿಕ್ಕಟ್ಟಿನಿಂದ. 1956ರಲ್ಲಿ ಕಾಲುವೆ ಮುಚ್ಚಿ, ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಕಡಿಮೆ ಕುಡಿಯುವ ಕಾರು ಬೇಕೆಂದು ಕಂಪನಿ ಇಸಿಗೋನಿಸ್ ಅವರಿಗೆ ಹೇಳಿದ್ದು ಆಗ. ಅದೇ 1956ರಲ್ಲಿ ಅಮೆರಿಕದ ಸಂಸತ್ತು 41,000 ಮೈಲಿ ಹೆದ್ದಾರಿ ಜಾಲಕ್ಕೆ ಒಪ್ಪಿಗೆ ಕೊಟ್ಟಿತು. ಒಂದು ಕಡೆ ಇಂಧನಕ್ಕೆ ಬರ, ಇನ್ನೊಂದು ಕಡೆ ಅಂತ್ಯವೇ ಕಾಣದ ಅಗಲ ರಸ್ತೆ. ಮೂರು ವರ್ಷದ ನಂತರ ಎರಡೂ ಕಡೆ ಬಂದ ಕಾರುಗಳು ಹಾಗಿದ್ದುದರಲ್ಲಿ ಆಶ್ಚರ್ಯವೇನಿದೆ?

ತೆರಿಗೆಯ ಕಥೆ ಇನ್ನೂ ಹಳೆಯದು, ಇನ್ನೂ ಸ್ವಾರಸ್ಯದ್ದು. 1921ರಲ್ಲಿ ಬ್ರಿಟನ್ ಕಾರುಗಳಿಗೆ ಅಶ್ವಶಕ್ತಿಯ ತೆರಿಗೆ ಹಾಕಿತು, ಒಂದು ಅಶ್ವಶಕ್ತಿಗೆ ವರ್ಷಕ್ಕೆ ಒಂದು ಪೌಂಡ್. ಆದರೆ ಶಕ್ತಿಯನ್ನು ಅಳೆದದ್ದು ಎಂಜಿನ್ ಓಡಿಸಿ ನೋಡಿ ಅಲ್ಲ. ಸಿಲಿಂಡರಿನ ಬಾಯಿಯ ಅಗಲ ಎಷ್ಟು, ಸಿಲಿಂಡರ್ ಎಷ್ಟು, ಇವೆರಡನ್ನೇ ಸೂತ್ರದಲ್ಲಿ ಹಾಕಿ ಲೆಕ್ಕ ಕಟ್ಟಿದರು. ಪಿಸ್ಟನ್ ಎಷ್ಟು ದೂರ ಚಲಿಸುತ್ತದೆ ಎಂಬುದು ಆ ಲೆಕ್ಕಕ್ಕೆ ಬರುತ್ತಲೇ ಇರಲಿಲ್ಲ. ಬ್ರಿಟಿಷ್ ಎಂಜಿನಿಯರುಗಳು ಕಿರಿದಾದ, ಉದ್ದನೆಯ ಸಿಲಿಂಡರುಗಳನ್ನು ಮಾಡತೊಡಗಿದರು. ಫೋರ್ಡ್‌ನ ಅಗಲ ಸಿಲಿಂಡರಿನ ಮಾಡೆಲ್ ಟಿ ಕಾರಿಗೆ ವರ್ಷಕ್ಕೆ 23 ಪೌಂಡ್ ತೆರಿಗೆ ಬಿತ್ತು. 1922ರಲ್ಲಿ ಬಂದ ಪುಟ್ಟ ಆಸ್ಟಿನ್ ಸೆವೆನ್‌ಗೆ ಎಂಟೇ ಪೌಂಡ್. ತೆರಿಗೆಯ ಸೂತ್ರವೊಂದು ಒಂದು ದೇಶದ ಎಂಜಿನ್ ಪರಂಪರೆಯನ್ನೇ ದಶಕಗಳ ಕಾಲ ಆಳಿತು.

ಇಟಲಿಯಲ್ಲಿ ಎಂಜಿನ್ ಎರಡು ಲೀಟರ್ ದಾಟಿದರೆ ಮಾರಾಟ ತೆರಿಗೆ ಶೇ 38ಕ್ಕೆ ಜಿಗಿಯುತ್ತಿದ್ದ ಕಾಲವೊಂದಿತ್ತು. ಶಕ್ತಿಗೆ ಇನ್ನೊಂದು ಹೆಸರೇ ಎನ್ನಿಸಿಕೊಂಡ ಫೆರಾರಿ ಕೂಡ ಆಗ ತನ್ನ ದೇಶದ ಗಿರಾಕಿಗಳಿಗಾಗಿ ಎರಡು ಲೀಟರಿಗಿಂತ ಕೂದಲೆಳೆಯಷ್ಟು ಕಡಿಮೆ ಇರುವ ಎಂಟು ಸಿಲಿಂಡರಿನ ಕಾರು ಮಾಡಿತು. ಅತ್ತ ಅಮೆರಿಕದಲ್ಲಿ ಒಂದು ಗ್ಯಾಲನ್ ಪೆಟ್ರೋಲಿಗೆ ಕೇಂದ್ರ ಸರ್ಕಾರದ ತೆರಿಗೆ 18.4 ಸೆಂಟ್, ಲೀಟರಿಗೆ ಐದು ಸೆಂಟಿನಷ್ಟೂ ಆಗದು. 1993ರಿಂದ ಅದು ಒಂದು ಸೆಂಟೂ ಏರಿಲ್ಲ. ರಾಜ್ಯಗಳು ತಮ್ಮ ಪಾಲು ಸೇರಿಸುತ್ತವೆ ನಿಜ. ಆದರೂ ಐರೋಪ್ಯ ಒಕ್ಕೂಟ ತನ್ನ ಸದಸ್ಯ ದೇಶಗಳಿಗೆ ವಿಧಿಸಿರುವ ಕನಿಷ್ಠ ಸುಂಕವೇ ಲೀಟರಿಗೆ ಸುಮಾರು 36 ಯೂರೋ ಸೆಂಟ್. ಇಷ್ಟು ಅಂತರವಿರುವ ಕಡೆ ಒಂದೇ ಬಗೆಯ ಕಾರು ಹುಟ್ಟಲು ಸಾಧ್ಯವೇ ಇಲ್ಲ.

ನಮ್ಮ ದೇಶದ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ನಾಲ್ಕು ಮೀಟರಿಗಿಂತ ಗಿಡ್ಡ ಕಾರುಗಳಿಗೆ 2006ರಲ್ಲಿ ನಮ್ಮ ಸರ್ಕಾರ ಅಬಕಾರಿ ಸುಂಕ ಇಳಿಸಿದ ಮೇಲೆ, ಡಿಕ್ಕಿಯನ್ನು ಕತ್ತರಿಸಿದಂತೆ ಕಾಣುವ ಸೆಡಾನ್‌ಗಳು ನಮ್ಮ ರಸ್ತೆಗಳಲ್ಲಿ ತುಂಬಿಕೊಂಡವಲ್ಲ, ಅದನ್ನು ಭಾರತೀಯರ ಸೌಂದರ್ಯಪ್ರಜ್ಞೆ ಎಂದು ಯಾರಾದರೂ ಹೊರಗಿನವರು ಬರೆದರೆ ನಮಗೆ ಹೇಗನ್ನಿಸೀತು?

ಆಸ್ಟಿನ್ ಸೆವೆನ್‌ನ ವಂಶಾವಳಿಯನ್ನು ಇಲ್ಲಿ ಹೇಳಲೇಬೇಕು. ಬ್ರಿಟಿಷ್ ತೆರಿಗೆಯ ಕೂಸಾದ ಈ ಪುಟ್ಟ ಕಾರನ್ನು ಜರ್ಮನಿಯಲ್ಲಿ ಪರವಾನಗಿ ಪಡೆದು ಡಿಕ್ಸಿ ಎಂಬ ಹೆಸರಿನಲ್ಲಿ ತಯಾರಿಸುತ್ತಿದ್ದರು. ಆ ಕಾರ್ಖಾನೆಯನ್ನು 1928ರಲ್ಲಿ ಕೊಂಡುಕೊಂಡದ್ದು ಬಿಎಂಡಬ್ಲ್ಯು. ಹಾಗಾಗಿ ಇವತ್ತು ಜರ್ಮನ್ ಎಂಜಿನಿಯರಿಂಗ್‌ನ ಹೆಮ್ಮೆ ಎನ್ನಿಸಿಕೊಂಡ ಕಂಪನಿ ಕಾರು ತಯಾರಿಕೆಗೆ ಇಳಿದದ್ದು ಇಂಗ್ಲಿಷ್ ಕಾರಿನಿಂದ. ಅದೇ ಕಾರಿನ ಇನ್ನೊಂದು ಕವಲು ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಹೋಯಿತು. ಅಲ್ಲಿನ ಬಟ್ಲರ್ ಪಟ್ಟಣದಲ್ಲಿ ಅಮೆರಿಕನ್ ಆಸ್ಟಿನ್ ಎಂಬ ಕಂಪನಿ ಶುರುವಾಗಿ, ನಷ್ಟದಲ್ಲಿ ಮುಳುಗಿ, ಬ್ಯಾಂಟಮ್ ಎಂಬ ಹೊಸ ಹೆಸರಿನಲ್ಲಿ ಎದ್ದಿತು. 1940ರಲ್ಲಿ ಅಮೆರಿಕದ ಸೇನೆಗೆ ಮೊದಲ ಜೀಪನ್ನು ಮಾಡಿಕೊಟ್ಟದ್ದು ಈ ಬ್ಯಾಂಟಮ್ ಕಂಪನಿಯೇ. ಬಿಎಂಡಬ್ಲ್ಯು ಮತ್ತು ಜೀಪ್, ಎರಡೂ ಒಂದೇ ಅಜ್ಜಿಯ ಮನೆಯಿಂದ ಹೊರಟವು. ಇವತ್ತು ಜೀಪ್ ಬ್ರ್ಯಾಂಡಿನ ಒಡೆತನ ಸ್ಟೆಲಾಂಟಿಸ್ ಎಂಬ ಕಂಪನಿಯದು. ಅದರ ಕೇಂದ್ರ ಕಚೇರಿ ಇರುವುದು ನೆದರ್ಲೆಂಡ್ಸ್‌ನಲ್ಲಿ.

ರಾಷ್ಟ್ರಗಳ ಪೈಪೋಟಿ ಎಂದಾಗ ಎಲ್ಲರಿಗೂ ನೆನಪಾಗುವುದು ಲೆ ಮಾನ್ ಕಾರ್ ರೇಸ್. ಅದರ ಬಗೆಗಿನ 2019ರ ಹಾಲಿವುಡ್ ಸಿನಿಮಾ ನೋಡಿದವರಿಗೆ ಕಥೆಯ ಮುಖ್ಯ ಎಳೆ ಗೊತ್ತು. 1963ರಲ್ಲಿ ಫೆರಾರಿಯನ್ನು ಕೊಳ್ಳಲು ಫೋರ್ಡ್ ಹೊರಟಿತು. ರೇಸಿಂಗ್ ತಂಡದ ಹಿಡಿತ ಕೈತಪ್ಪುತ್ತದೆ ಎಂದು ಕಂಡಾಗ ಎಂಜೊ ಫೆರಾರಿ ಮಾತುಕತೆ ಮುರಿದರು. ಅವಮಾನಗೊಂಡ ಎರಡನೇ ಹೆನ್ರಿ ಫೋರ್ಡ್, ಫ್ರಾನ್ಸಿನ ಆ 24 ಗಂಟೆಗಳ ರೇಸಿನಲ್ಲಿ ಫೆರಾರಿಯನ್ನು ಸೋಲಿಸಲೇಬೇಕೆಂದು ಹಣದ ಚೀಲ ಬಿಚ್ಚಿದರು. 1964, 1965ರಲ್ಲಿ ಸೋತು, 1966ರ ಜೂನ್‌ನಲ್ಲಿ ಮೊದಲ ಮೂರು ಸ್ಥಾನವನ್ನೂ ಫೋರ್ಡ್ ಜಿಟಿ40 ಕಾರುಗಳೇ ಗೆದ್ದುಕೊಂಡವು.

ಅಮೆರಿಕ ಯುರೋಪನ್ನು ಮಣಿಸಿತು ಎಂದು ಅಂದು ಬರೆದರು, ಇಂದೂ ಬರೆಯುತ್ತಾರೆ. ಆದರೆ ಆ ಕಾರು ಹುಟ್ಟಿದ ಜಾಗ ನೋಡಿ. ಇಂಗ್ಲೆಂಡಿನ ಲೋಲಾ ಕಂಪನಿಯ ಎರಿಕ್ ಬ್ರಾಡ್ಲಿ ಮಾಡಿದ್ದ ಕಾರನ್ನು ಆಧಾರವಾಗಿಟ್ಟುಕೊಂಡು, ಇಂಗ್ಲೆಂಡಿನಲ್ಲೇ ಹುಟ್ಟಿದ ಎಂಜಿನಿಯರ್ ರಾಯ್ ಲನ್ ಮುಂದಾಳತ್ವದಲ್ಲಿ, ಲಂಡನ್ ಸಮೀಪದ ಸ್ಲೌ ಊರಿನ ಕಾರ್ಖಾನೆಯಲ್ಲಿ ಜಿಟಿ40 ರೂಪುಗೊಂಡಿತು. ಗೆದ್ದ ಚಾಲಕರಾದ ಬ್ರೂಸ್ ಮೆಕ್‌ಲಾರೆನ್ ಮತ್ತು ಕ್ರಿಸ್ ಅಮೊನ್ ನ್ಯೂಜಿಲೆಂಡಿನವರು. ಎರಡನೇ ಸ್ಥಾನ ಪಡೆದ ಕೆನ್ ಮೈಲ್ಸ್ ಇಂಗ್ಲೆಂಡಿನಿಂದ ಅಮೆರಿಕಕ್ಕೆ ವಲಸೆ ಹೋದವರು, ಅವರ ಜೊತೆಗಾರ ಡೆನಿ ಹುಲ್ಮ್ ಮತ್ತೆ ನ್ಯೂಜಿಲೆಂಡಿನವರು. ಇನ್ನು ಹಿಂದಿನ ವರ್ಷ, 1965ರಲ್ಲಿ, ಫೆರಾರಿಗೆ ಲೆ ಮಾನ್ ಗೆದ್ದುಕೊಟ್ಟದ್ದು ಅಮೆರಿಕದಲ್ಲಿ ನೆಲೆಸಿದ್ದ ಲುಯಿಜಿ ಕಿನೆಟ್ಟಿ ಅವರ ಖಾಸಗಿ ತಂಡ!

ಅಮೆರಿಕದ್ದೆಂದು ನಿಜಕ್ಕೂ ಹೇಳಬಹುದಾದದ್ದು ಎರಡು. ಒಂದು ಏಳು ಲೀಟರಿನ ಎಂಜಿನ್, ಅಲ್ಲಿನ ಸ್ಟಾಕ್ ಕಾರ್ ರೇಸುಗಳಿಂದ ಬಂದದ್ದು. ಫೆರಾರಿಯ ನಾಲ್ಕು ಲೀಟರಿನ ಹನ್ನೆರಡು ಸಿಲಿಂಡರ್ ಎಂಜಿನ್ ಮೇಲೇರಿ ಮೇಲೇರಿ ಕೂಗಿ ಓಡುವಂಥದ್ದಾದರೆ, ಇದು ಅಷ್ಟೇನೂ ಶ್ರಮವಿಲ್ಲದೆ ನಿಧಾನವಾಗಿ ತಿರುಗುತ್ತಲೇ ಅಷ್ಟೇ ವೇಗ ಕೊಡುತ್ತಿತ್ತು. ಇನ್ನೊಂದು ಹಟ ಬಿಡದ ಪರೀಕ್ಷೆ. ಪ್ರಯೋಗಾಲಯದ ಯಂತ್ರಕ್ಕೆ ಎಂಜಿನನ್ನು ಕಟ್ಟಿ, ಲೆ ಮಾನ್ ಸುತ್ತಿನ ಪ್ರತಿ ಗೇರ್ ಬದಲಾವಣೆ, ಪ್ರತಿ ಏರಿಳಿತವನ್ನು ಹಾಗೇ ಅನುಕರಿಸಿ ಗಂಟೆಗಟ್ಟಲೆ ಓಡಿಸಿದರು. ಭಾರವಾದ ಕಾರು ಗಂಟೆಗೆ 300 ಕಿಲೋಮೀಟರಿಗೂ ಮೀರಿದ ವೇಗದಿಂದ ನಿಲ್ಲುವಾಗ ಬ್ರೇಕ್ ಡಿಸ್ಕ್‌ಗಳು ಬಿಸಿಗೆ ಬಿರಿಯುತ್ತಿದ್ದವು. ಅವನ್ನು ರೇಸಿನ ನಡುವೆಯೇ ಸರಸರನೆ ಬದಲಿಸುವ ವ್ಯವಸ್ಥೆ ಮಾಡಿಕೊಂಡರು. ನನಗೆ ಈ ಕಥೆಯಲ್ಲಿ ಅತ್ಯಂತ ಪ್ರಿಯವಾದ ಭಾಗ ಇದು. ಇಬ್ಬರು ಶ್ರೀಮಂತರ ಜಿದ್ದಿಗಿಂತ, ಬಿರಿದ ಬ್ರೇಕಿಗೆ ಪರಿಹಾರ ಹುಡುಕುತ್ತ ಕೂತ ಮೆಕ್ಯಾನಿಕ್‌ಗಳ ತಾಳ್ಮೆ ದೊಡ್ಡದು. ಕೆನ್ ಮೈಲ್ಸ್ ಅದೇ ಆಗಸ್ಟ್‌ನಲ್ಲಿ, ಮುಂದಿನ ವರ್ಷದ ಕಾರನ್ನು ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಪರೀಕ್ಷಿಸುವಾಗ ಅಪಘಾತದಲ್ಲಿ ತೀರಿಕೊಂಡರು.

ಕಲಿಕೆ ಎರಡೂ ದಿಕ್ಕಿಗೆ ಹರಿದಿದೆ. ಆಟೋಮ್ಯಾಟಿಕ್ ಗೇರ್, ಪವರ್ ಸ್ಟಿಯರಿಂಗ್, ಕಾರಿನೊಳಗಿನ ಎಸಿ ಮೊದಲು ಜನಬಳಕೆಗೆ ಬಂದದ್ದು ಅಮೆರಿಕದಲ್ಲಿ. ರೇಡಿಯಲ್ ಟಯರು ಫ್ರಾನ್ಸಿನ ಮಿಷೆಲಿನ್ ಕೊಡುಗೆ. ಇಂದು ನಾವೆಲ್ಲ ಹಾಕಿಕೊಳ್ಳುವ ಮೂರು ಬಿಂದುವಿನ ಸೀಟ್ ಬೆಲ್ಟ್ ಸ್ವೀಡನ್ನಿನ ವೋಲ್ವೊ ಕಂಪನಿಯ ನಿಲ್ಸ್ ಬೊಹ್ಲಿನ್ ಅವರದು, ಅದೂ 1959ರದ್ದೇ. ಹೊಗೆ ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಅಮೆರಿಕದ ಕಾರುಗಳಲ್ಲಿ 1975ರ ಹೊತ್ತಿಗೇ ಬಂತು, ಯುರೋಪ್ ಅದನ್ನು ಕಡ್ಡಾಯ ಮಾಡಲು 1993 ಆಗಬೇಕಾಯಿತು. ಅಮೆರಿಕದ ಗಾಳಿ ಕಾನೂನು ಎಷ್ಟು ಬಿಗಿ ಎಂಬುದು 2015ರಲ್ಲಿ ಜಗತ್ತಿಗೇ ತಿಳಿಯಿತು. ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳ ಮೋಸ ಬಯಲಾದದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ರಸ್ತೆ ಪರೀಕ್ಷೆಯಿಂದ. ಪರೀಕ್ಷೆಯ ಹೊತ್ತಿಗೆ ಮಾತ್ರ ಹೊಗೆ ತಗ್ಗಿಸುವ ತಂತ್ರಾಂಶ ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿತ್ತು. ಇತ್ತ ಬೆಂಗಳೂರಿನಲ್ಲಿ ಮರ್ಸಿಡಿಸ್ ಬೆಂಜ್‌ನ ಸಂಶೋಧನಾ ಕೇಂದ್ರವೂ ಇದೆ, ಜನರಲ್ ಮೋಟಾರ್ಸ್‌ನ ತಾಂತ್ರಿಕ ಕೇಂದ್ರವೂ ಇದೆ. ಎರಡೂ ಖಂಡದ ಕಾರುಗಳಿಗೆ ದುಡಿಯುವ ಎಂಜಿನಿಯರುಗಳು ಒಂದೇ ಊರಿನ ಟ್ರಾಫಿಕ್‌ನಲ್ಲಿ ಮನೆಗೆ ಮರಳುತ್ತಾರೆ.

ಹಾಗಾದರೆ ಈ ಜಗಳದಿಂದ ಯಾರಿಗೂ ಹಾನಿಯಿಲ್ಲವೇ? ಇದೆ. ಅದಕ್ಕೆ ಕೋಳಿಯ ವಿಷಯಕ್ಕೆ ಬರಬೇಕು. 1960ರ ದಶಕದ ಆರಂಭದಲ್ಲಿ ಅಮೆರಿಕದ ಅಗ್ಗದ ಕೋಳಿಮಾಂಸ ಪಶ್ಚಿಮ ಜರ್ಮನಿ, ಫ್ರಾನ್ಸ್‌ಗಳ ಮಾರುಕಟ್ಟೆಗೆ ನುಗ್ಗಿತು. ಅವರು ಸುಂಕ ಏರಿಸಿದರು. ಸೇಡಿಗೆ ಅಧ್ಯಕ್ಷ ಲಿಂಡನ್ ಜಾನ್ಸನ್ 1964ರಿಂದ ಜಾರಿಗೆ ಬರುವಂತೆ ಆಮದು ಲಘು ಟ್ರಕ್ಕುಗಳ ಮೇಲೆ ಶೇ 25 ಸುಂಕ ಹಾಕಿದರು. ಕಣ್ಣಿದ್ದದ್ದು ಫೋಕ್ಸ್‌ವ್ಯಾಗನ್ ವ್ಯಾನುಗಳ ಮೇಲೆ. ಕೋಳಿಯ ಜಗಳ ಮುಗಿಯಿತು, ಟ್ರಕ್ಕಿನ ಸುಂಕ ಉಳಿಯಿತು. ಕೊನೆಗೆ ಅದು ಫೋರ್ಡ್‌ಗೇ ತಗುಲಿತು. ಟರ್ಕಿಯಲ್ಲಿ ಮಾಡಿದ ಸರಕು ವ್ಯಾನುಗಳಿಗೆ ಹಿಂಬದಿ ಸೀಟು ಹಾಕಿ ಪ್ರಯಾಣಿಕ ವಾಹನವೆಂದು ತರಿಸಿ, ಅಮೆರಿಕದಲ್ಲಿ ಸೀಟು ಕಿತ್ತು ಮಾರಿದ ಪ್ರಕರಣದಲ್ಲಿ ಕಂಪನಿ 2024ರಲ್ಲಿ 36.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಹೊರಗಿನ ಪೈಪೋಟಿಯಿಂದ ಅರವತ್ತು ವರ್ಷ ರಕ್ಷಣೆ ಪಡೆದ ಅಮೆರಿಕದ ಪಿಕಪ್ ಬೆಳೆಯುತ್ತಲೇ ಹೋಯಿತು. ಸುಂಕವೊಂದೇ ಕಾರಣವಲ್ಲ. ಇಂಧನ ಮಿತವ್ಯಯದ ನಿಯಮಗಳು ಟ್ರಕ್ಕುಗಳಿಗೆ ಸಡಿಲವಾಗಿದ್ದವು, ಎಸ್‌ಯುವಿಗಳೂ ಆ ಸಡಿಲದಲ್ಲಿ ನುಸುಳಿದವು. ಇಂದು ಅಲ್ಲಿ ಮಾರಾಟವಾಗುವ ಹೊಸ ವಾಹನಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಇಂಥವೇ. 2009ರಲ್ಲಿ ಅಮೆರಿಕದ ರಸ್ತೆಗಳಲ್ಲಿ ಸತ್ತ ಪಾದಚಾರಿಗಳು ಸುಮಾರು 4,100. 2022ರಲ್ಲಿ 7,500 ದಾಟಿತು. ಅಲ್ಲಿನ ವಿಮಾ ಸಂಸ್ಥೆಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ 2023ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, ಬಾನೆಟ್ 40 ಇಂಚಿಗಿಂತ ಎತ್ತರವಿದ್ದರೆ, ಗುದ್ದಿಸಿಕೊಂಡ ಪಾದಚಾರಿ ಸಾಯುವ ಸಂಭವ ತಗ್ಗಾದ ಇಳಿಜಾರು ಮೂತಿಯ ವಾಹನಕ್ಕೆ ಹೋಲಿಸಿದರೆ ಸುಮಾರು ಶೇ 45 ಹೆಚ್ಚು. ಜಿಟಿ40 ಹೆಸರಿನಲ್ಲಿರುವ 40 ಕೂಡ ಇಂಚಿನ ಲೆಕ್ಕವೇ, ನೆಲದಿಂದ ಚಾವಣಿಯವರೆಗೆ ಆ ಕಾರಿನ ಎತ್ತರ ಸರಿಸುಮಾರು ಅಷ್ಟೇ ಇತ್ತು.

ಯುರೋಪ್ ಪಾದಚಾರಿಗೆ ತಗುಲುವ ಭಾಗಗಳ ಪರೀಕ್ಷೆಯನ್ನು ಕಾನೂನಾಗಿಸಿ ಬಹಳ ಕಾಲವಾಯಿತು. ಅಮೆರಿಕದ ಕಾರುಗಳನ್ನು ಯುರೋಪಿನವರು ಕೊಳ್ಳುವುದಿಲ್ಲ ಎಂದು ದೂರುತ್ತಿದ್ದ ಅಧ್ಯಕ್ಷ ಟ್ರಂಪ್ 2025ರಲ್ಲಿ ಆಮದು ಕಾರುಗಳ ಮೇಲೆ ಹೊಸ ಸುಂಕ ಹೇರಿ, ಆಮೇಲೆ ಐರೋಪ್ಯ ಒಕ್ಕೂಟಕ್ಕೆ ಅದನ್ನು ಶೇ 15ಕ್ಕೆ ಇಳಿಸಿದರು. ಸುಂಕ ಏನೇ ಆಗಲಿ, ದೈತ್ಯ ಪಿಕಪ್ ಒಂದು ಫ್ಲಾರೆನ್ಸಿನ ಓಣಿಯೊಳಗೆ ಹೋಗಲಾರದು. ಅದೇ ಹೊತ್ತಿನಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾದ ಸ್ಪಾರ್ಟನ್‌ಬರ್ಗ್‌ನಲ್ಲಿರುವ ಬಿಎಂಡಬ್ಲ್ಯು ಕಾರ್ಖಾನೆ ದೊಡ್ಡ ದೊಡ್ಡ ಎಸ್‌ಯುವಿಗಳನ್ನು ಮಾಡಿ ಜಗತ್ತಿಗೆಲ್ಲ ರಫ್ತು ಮಾಡುತ್ತಿದೆ. ಗಾತ್ರದ ಹುಚ್ಚು ಒಂದೇ ದೇಶದ್ದಲ್ಲ.

ನಮ್ಮಲ್ಲೂ ಬಾನೆಟ್ಟುಗಳು ಏರುತ್ತಿವೆ. ಜಾಹೀರಾತುಗಳಲ್ಲಿ ಅದಕ್ಕೆ ಗಾಂಭೀರ್ಯ, ದಿಟ್ಟತನ ಎಂಬ ಹೆಸರು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತ ಪಾದಚಾರಿಗಳು 32,825. ಫುಟ್‌ಪಾತ್ ಇಲ್ಲದ, ಇದ್ದರೂ ನಡೆಯಲಾಗದ ನಮ್ಮ ಊರುಗಳಲ್ಲಿ ನಾವು ಉದ್ದಕ್ಕೆ ತೆರಿಗೆ ಹಾಕುತ್ತೇವೆ, ಎಂಜಿನ್ ಗಾತ್ರಕ್ಕೆ ಹಾಕುತ್ತೇವೆ. ಮೂತಿಯ ಎತ್ತರಕ್ಕೂ ತೂಕಕ್ಕೂ ಲೆಕ್ಕ ಕಟ್ಟುವ ಕಾಲ ಬಂದಿದೆ, ಸರ್ಕಾರ ಅದನ್ನು ಮಾಡಬೇಕು. ಅಲ್ಲಿಯವರೆಗೆ ಓದುಗರಲ್ಲಿ ಒಂದು ಕೋರಿಕೆ. ಹೊಸ ಕಾರು ನೋಡಲು ಷೋರೂಮಿಗೆ ಹೋದಾಗ ಡ್ರೈವರ್ ಸೀಟಿನಲ್ಲಿ ಕೂರುವ ಮೊದಲು, ಮನೆಯ ಎಂಟು ವರ್ಷದ ಮಗುವನ್ನು ಅದರ ಮುಂದೆ ನಿಲ್ಲಿಸಿ. ಆಮೇಲೆ ಒಳಗೆ ಕೂತು, ಮಗುವಿನ ಮುಖ ಕಾಣುತ್ತದೆಯೇ ನೋಡಿ. ಕಾಣದಿದ್ದರೆ, ಅದು ಯಾವ ದೇಶದ ಕಾರಾದರೂ ಸರಿ, ಕೊಳ್ಳಬೇಡಿ.