ಸೆಕೆಂಡ್ ಹ್ಯಾಂಡ್ ಬೈಕ್ ತಗೊಳ್ತೀರಾ? ಬಣ್ಣ ನೋಡೋ ಮೊದಲು ಈ 17 ಅಕ್ಷರ ನೋಡಿ

ಹಾವೇರಿ: ಗೋವಿನಜೋಳ, ಮೆಣಸಿನಕಾಯಿ ಮಾರಿ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಹಳೇ ಬೈಕ್ ಕೇಳುವವರೂ ಹೆಚ್ಚಾಗುತ್ತಾರೆ. ಮಗನ ಕಾಲೇಜಿಗೆ, ಹೊಲಕ್ಕೆ ಹೋಗಿ ಬರೋಕೆ, ಅಂಗಡಿ ಹುಡುಗ ಸಾಮಾನು ತಲುಪಿಸೋಕೆ ಒಂದು ಗಾಡಿ ಬೇಕೇ ಬೇಕು. ಹೊಸದರ ಬೆಲೆ ಕೇಳಿದರೆ ಲಕ್ಷದ ಮಾತು. ಹಾಗಾಗಿ ಗ್ಯಾರೇಜ್ ಮುಂದೆ ನಿಂತಿರುವ, ಆಟೊ ಕನ್ಸಲ್ಟೆಂಟ್ ಹತ್ತಿರ ಇರುವ ಅಥವಾ ಪರಿಚಯದವರು ಮಾರುವ ಸೆಕೆಂಡ್ ಹ್ಯಾಂಡ್ ಗಾಡಿ ಕಡೆಗೇ ಕಣ್ಣು.

‘ಕಾಗದ ಎಲ್ಲಾ ಕ್ಲಿಯರ್ ಅದಾವ್ರೀ, ಸಿಂಗಲ್ ಓನರ್. ಒಂದ್ ರೌಂಡ್ ಹೊಡದ ನೋಡ್ರಿ’ ಅನ್ನೋ ಮಾತು ಎಲ್ಲಾ ಕಡೆ ಒಂದೇ. ರೌಂಡ್ ಹೊಡೆದರೆ ಗಾಡಿ ಚೆನ್ನಾಗೇ ಓಡುತ್ತದೆ. ತೊಂದರೆ ಬರೋದು ಆಮೇಲೆ. ಗಾಡಿ ಕಳವಿನದ್ದು ಎಂದು ಪೊಲೀಸರು ತೆಗೆದುಕೊಂಡು ಹೋದಾಗ, ಫೈನಾನ್ಸ್‌ನವರು ಬಾಕಿ ಕೇಳಿಕೊಂಡು ಬಂದಾಗ, ಅಪಘಾತವಾಗಿ ವಿಮೆ ಕಂಪನಿ ‘ಪಾಲಿಸಿ ನಿಮ್ಮ ಹೆಸರಲ್ಲಿಲ್ಲ’ ಎಂದಾಗ. ಹಣವೂ ಹೋಗುತ್ತದೆ, ಗಾಡಿಯೂ ಹೋಗುತ್ತದೆ. ಇಷ್ಟೆಲ್ಲ ತಪ್ಪಿಸಲು ಅರ್ಧ ಗಂಟೆಯ ಪರಿಶೀಲನೆ ಸಾಕು. ಅದು ಶುರುವಾಗಬೇಕಾದ್ದು ಎಂಜಿನ್‌ನಿಂದಲ್ಲ, ಚಾಸಿಸ್ ನಂಬರ್‌ನಿಂದ.

ಗಾಡಿಯ ಮೇಲೇ ಕೊರೆದಿರುವ ಜಾತಕ

ನಂಬರ್ ಪ್ಲೇಟ್ ಬದಲಾಯಿಸಬಹುದು, ಟ್ಯಾಂಕ್‌ಗೆ ಬಣ್ಣ ಹೊಡೆಯಬಹುದು. ಫ್ರೇಮ್ ಮೇಲೆ ಕಂಪನಿ ಕೊರೆದಿರುವ ಚಾಸಿಸ್ ನಂಬರ್ ಮಾತ್ರ ಆ ಗಾಡಿಯ ಹುಟ್ಟುಗುರುತು. ಇದರಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಸೇರಿ ಒಟ್ಟು 17 ಇರುತ್ತವೆ. ಹೆಚ್ಚಿನ ಬೈಕ್‌ಗಳಲ್ಲಿ ಹ್ಯಾಂಡಲ್ ಕೆಳಗೆ, ಫ್ರೇಮ್‌ನ ಕುತ್ತಿಗೆ ಭಾಗದಲ್ಲಿ ಇದು ಸಿಗುತ್ತದೆ. ಹ್ಯಾಂಡಲ್ ಒಂದು ಕಡೆ ಪೂರ್ತಿ ತಿರುಗಿಸಿ, ಬಟ್ಟೆಯಿಂದ ಧೂಳು ಒರೆಸಿ, ಮೊಬೈಲ್ ಟಾರ್ಚ್ ಹಾಕಿದರೆ ಓದಬಹುದು. ಸ್ಕೂಟರ್‌ಗಳಲ್ಲಿ ಜಾಗ ಬೇರೆ ಇರುತ್ತದೆ, ಮೆಕ್ಯಾನಿಕ್ ತೋರಿಸುತ್ತಾರೆ. ಎಂಜಿನ್ ನಂಬರ್ ಎಂಜಿನ್‌ನ ಕ್ರ್ಯಾಂಕ್‌ಕೇಸ್ ಮೇಲೆ ಇರುತ್ತದೆ.

ಈ 17ರಲ್ಲಿ ಮೊದಲ ಮೂರು ಅಕ್ಷರ ತಯಾರಕರ ಗುರುತು. ಎಂಬಿಎಲ್ ಎಂದಿದ್ದರೆ ಹೀರೊ, ಎಂಇ4 ಹೋಂಡಾ, ಎಂಡಿ2 ಬಜಾಜ್, ಎಂಡಿ6 ಟಿವಿಎಸ್, ಎಂಇ3 ರಾಯಲ್ ಎನ್‌ಫೀಲ್ಡ್. ಟ್ಯಾಂಕ್ ಮೇಲೆ ಒಂದು ಕಂಪನಿ ಹೆಸರು, ಫ್ರೇಮ್ ಮೇಲೆ ಇನ್ನೊಂದರ ಗುರುತು ಇದ್ದರೆ ಅಲ್ಲಿಗೇ ಮಾತು ಮುಗಿಸಿ.

ಹಲವು ಕಂಪನಿಗಳ ಗಾಡಿಯಲ್ಲಿ 10ನೇ ಅಕ್ಷರ ವರ್ಷ ಹೇಳುತ್ತದೆ. 2018ಕ್ಕೆ ಜೆ, 2019ಕ್ಕೆ ಕೆ, 2020ಕ್ಕೆ ಎಲ್, 2021ಕ್ಕೆ ಎಂ, 2022ಕ್ಕೆ ಎನ್, 2023ಕ್ಕೆ ಪಿ, 2024ಕ್ಕೆ ಆರ್. ‘2022ರ ಮಾಡೆಲ್’ ಎಂದು ರೇಟ್ ಹೇಳುವವರ ಗಾಡಿಯಲ್ಲಿ ಕೆ ಕಂಡರೆ ಆರ್‌ಸಿಯಲ್ಲಿರುವ ತಯಾರಿಕೆಯ ತಿಂಗಳು, ವರ್ಷ ನೋಡಿ ಪ್ರಶ್ನೆ ಕೇಳಿ. ಗಾಡಿ ತಯಾರಾದ ವರ್ಷ, ನೋಂದಣಿಯಾದ ವರ್ಷ ಬೇರೆ ಬೇರೆ ಇರಬಹುದು. ಬೆಲೆ ಕಟ್ಟಬೇಕಾದ್ದು ತಯಾರಾದ ವರ್ಷಕ್ಕೆ. ಇನ್ನೊಂದು ಮಾತು: ಐ, ಓ, ಕ್ಯೂ ಈ ಮೂರು ಅಕ್ಷರ ಚಾಸಿಸ್ ನಂಬರ್‌ನಲ್ಲಿ ಬರುವುದೇ ಇಲ್ಲ. ಒಂದು, ಸೊನ್ನೆ ಎಂದು ಗೊಂದಲ ಆಗಬಾರದು ಅಂತ ಬಿಟ್ಟಿದ್ದಾರೆ. ಓ ತರಹ ಕಂಡರೆ ಅದು ಸೊನ್ನೆ.

ಬರೀ ಓದಿದರೆ ಸಾಲದು, ಬೆರಳಾಡಿಸಿ ನೋಡಿ. ನಂಬರ್ ಇರುವ ಜಾಗ ಉಜ್ಜಿ ತಗ್ಗಾಗಿದೆಯೇ, ಅಲ್ಲಷ್ಟೇ ಹೊಸ ಬಣ್ಣ ಇದೆಯೇ, ಅಕ್ಷರಗಳ ಸಾಲು ಸೊಟ್ಟಗಿದೆಯೇ, ಒಂದೆರಡು ಅಂಕಿ ಮಾತ್ರ ದಪ್ಪಗಿವೆಯೇ? ಕಂಪನಿ ಹೊಡೆದ ಅಕ್ಷರ ಒಂದೇ ಅಳತೆ, ಒಂದೇ ಆಳ ಇರುತ್ತದೆ. ಅನುಮಾನ ಬಂದರೆ ಆರ್‌ಟಿಒ ಕೆಲಸಕ್ಕೆ ತೆಗೆಯುವ ಹಾಗೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯಿರಿ. ಕಣ್ಣಿಗೆ ಕಾಣದ ಗೀರು ಕಾಗದದ ಮೇಲೆ ಕಾಣುತ್ತದೆ.

ಆರ್‌ಸಿ ಫೋಟೊ ಅಲ್ಲ, ಆರ್‌ಸಿ ನೋಡಿ

ವಾಟ್ಸ್‌ಆ್ಯಪ್‌ನಲ್ಲಿ ಬಂದ ಆರ್‌ಸಿ ಫೋಟೊ ನಂಬಿ ಅಡ್ವಾನ್ಸ್ ಕೊಡಬೇಡಿ. ಮೂಲ ಆರ್‌ಸಿ ಕೈಯಲ್ಲಿ ಹಿಡಿದು ಚಾಸಿಸ್ ನಂಬರ್, ಎಂಜಿನ್ ನಂಬರ್ ಎರಡನ್ನೂ ಗಾಡಿ ಮೇಲಿನದರ ಜತೆ ಒಂದೊಂದೇ ಅಕ್ಷರ ತಾಳೆ ನೋಡಿ. ಒಬ್ಬರು ಓದಬೇಕು, ಇನ್ನೊಬ್ಬರು ನೋಡಬೇಕು. ಎಂಜಿನ್ ಬದಲಾಗಿದ್ದರೆ ಅದು ಆರ್‌ಸಿಯಲ್ಲಿ ದಾಖಲಾಗಿರಬೇಕು. ‘ಹಂಗೇ ನಡೀತೈತಿ ಬಿಡ್ರಿ’ ಅಂದರೆ ನಡೆಯೋದಿಲ್ಲ, ಹೆಸರು ವರ್ಗಾವಣೆ ಹೊತ್ತಿಗೆ ನಿಮ್ಮ ಕುತ್ತಿಗೆಗೆ ಬರುತ್ತದೆ.

ಮುಂದಿನದು ಮೊಬೈಲ್‌ನಲ್ಲೇ ಆಗುವ ಕೆಲಸ. ಕೇಂದ್ರ ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ಮಾಡೆಲ್, ನೋಂದಣಿ ದಿನಾಂಕ, ವಿಮೆ, ಹೊಗೆ ತಪಾಸಣೆ ಅವಧಿ ಬರುತ್ತದೆ. ಮಾಲೀಕರ ಹೆಸರಿನ ಕೆಲ ಅಕ್ಷರ ಮುಚ್ಚಿರುತ್ತದೆ, ಆದರೂ ಎದುರಿಗಿರುವವರ ಹೆಸರಿಗೆ ಹೊಂದುತ್ತದೋ ಇಲ್ಲವೋ ತಿಳಿಯುತ್ತದೆ. ಇ-ಚಲನ್ ಪುಟದಲ್ಲಿ ಬಾಕಿ ದಂಡ ನೋಡಿ. ಬೆಂಗಳೂರು, ಹುಬ್ಬಳ್ಳಿ ಕಡೆ ಓಡಾಡಿದ ಗಾಡಿಗಳಲ್ಲಿ ಕ್ಯಾಮೆರಾ ಹಾಕಿದ ದಂಡ ಮಾಲೀಕರಿಗೇ ಗೊತ್ತಿರದೆ ಕೂತಿರಬಹುದು.

ಕಳವಿನ ಗಾಡಿಯೇ ಎಂದು ನೋಡಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ‘ವಾಹನ್ ಸಮನ್ವಯ’ ಸೇವೆ ಇದೆ. ನೋಂದಣಿ, ಚಾಸಿಸ್, ಎಂಜಿನ್ ನಂಬರ್ ಕೊಟ್ಟು ಪೊಲೀಸ್ ದಾಖಲೆಯಲ್ಲಿ ಗಾಡಿ ಇದೆಯೇ ಎಂದು ಸಾರ್ವಜನಿಕರೇ ನೋಡಬಹುದು. ಕಳವಿನ ಮಾಲು ಎಂದು ತಿಳಿದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಶಿಕ್ಷೆ ಇದೆ. ತಿಳಿಯದೆ ಕೊಂಡರೂ ಗಾಡಿ ಉಳಿಯೋದಿಲ್ಲ.

ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿ ಅಥವಾ ಬ್ಯಾಂಕ್ ಹೆಸರು ಇದ್ದರೆ ಸಾಲ ದಾಖಲೆಯಲ್ಲಿ ಇನ್ನೂ ಜೀವಂತವಿದೆ ಎಂದರ್ಥ. ‘ಕಂತು ಎಲ್ಲಾ ತೀರಿಸೀನಿ’ ಎಂದರೆ ಸಾಲದು. ಸಾಲ ಕೊಟ್ಟವರ ಎನ್‌ಒಸಿ ಮತ್ತು ಸಹಿ ಮಾಡಿದ ಫಾರಂ 35 ಕೊಡಲಿ. ಖಾಸಗಿ ಬೈಕ್‌ನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ ಎನ್ನುವುದನ್ನೂ ಮರೆಯಬೇಡಿ. 14 ವರ್ಷದ ಗಾಡಿ ಅಗ್ಗಕ್ಕೆ ಸಿಕ್ಕರೆ ಮುಂದಿನ ವರ್ಷದ ನವೀಕರಣದ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ರೀಕಾಲ್: ಮೊದಲ ಓನರ್‌ಗೆ ಬಂದ ಮೆಸೇಜ್, ನಿಮಗೆ ಬರಲ್ಲ

ತಯಾರಿಕೆಯಲ್ಲೇ ದೋಷ ಕಂಡರೆ ಕಂಪನಿ ಆ ಗಾಡಿಗಳನ್ನು ವಾಪಸ್ ಕರೆದು ಉಚಿತವಾಗಿ ಸರಿ ಮಾಡಿಕೊಡುತ್ತದೆ. ಇದೇ ರೀಕಾಲ್. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಲ್ಲಿ 110ಎ ಸೆಕ್ಷನ್ ಸೇರಿಸಿ, ಸರ್ಕಾರವೇ ರೀಕಾಲ್‌ಗೆ ಆದೇಶ ಮಾಡುವ ಅಧಿಕಾರ ಪಡೆಯಿತು. 2021ರ ಏಪ್ರಿಲ್‌ನಿಂದ ನಿಯಮ ಜಾರಿಯಲ್ಲಿದ್ದು, ತಯಾರಾಗಿ 7 ವರ್ಷ ಆಗಿರದ ಗಾಡಿಗಳಿಗೆ ಇದು ಅನ್ವಯ.

ಇದು ದೂರದ ಮಾತಲ್ಲ. 2020ರ ಡಿಸೆಂಬರ್‌ನಿಂದ 2021ರ ಏಪ್ರಿಲ್ ನಡುವೆ ತಯಾರಾದ ಕ್ಲಾಸಿಕ್, ಬುಲೆಟ್, ಮೀಟಿಯರ್ ಬೈಕ್‌ಗಳ ಇಗ್ನಿಷನ್ ಕಾಯಿಲ್ ದೋಷಕ್ಕಾಗಿ ರಾಯಲ್ ಎನ್‌ಫೀಲ್ಡ್ 2021ರ ಮೇ ತಿಂಗಳಲ್ಲಿ ಸುಮಾರು 2.37 ಲಕ್ಷ ಗಾಡಿ ವಾಪಸ್ ಕರೆಯಿತು. 2022ರ ಜನವರಿಯಿಂದ 2024ರ ಜನವರಿ ಆರಂಭದವರೆಗೆ ತಯಾರಾದ ರೇಝಡ್‌ಆರ್ 125, ಫ್ಯಾಸಿನೊ 125 ಹೈಬ್ರಿಡ್ ಸ್ಕೂಟರ್‌ಗಳ ಬ್ರೇಕ್ ಲಿವರ್ ಸರಿಪಡಿಸಲು ಯಮಹಾ 2024ರ ಫೆಬ್ರವರಿಯಲ್ಲಿ ಸುಮಾರು 3 ಲಕ್ಷ ಸ್ಕೂಟರ್‌ಗಳಿಗೆ ರೀಕಾಲ್ ಕೊಟ್ಟಿತು. ಅದೇ ವರ್ಷ ಸುಜುಕಿ ಕೂಡ 2022ರಲ್ಲಿ ತಯಾರಾದ ಆಕ್ಸೆಸ್, ಅವೆನಿಸ್, ಬರ್ಗ್‌ಮನ್ ಸ್ಕೂಟರ್‌ಗಳನ್ನು ಇಗ್ನಿಷನ್ ವೈರ್‌ಗಾಗಿ ಕರೆಯಿತು. ನಮ್ಮ ಪೇಟೆಯಲ್ಲಿ ದಿನಾ ಓಡಾಡುವ ಮಾಡೆಲ್‌ಗಳೇ ಇವು.

ಕಂಪನಿ ರೀಕಾಲ್ ಸುದ್ದಿ ಕಳಿಸೋದು ತನ್ನ ದಾಖಲೆಯಲ್ಲಿರುವ ಮೊಬೈಲ್ ನಂಬರ್‌ಗೆ. ಅದು ಮೊದಲ ಓನರ್‌ದು. ಅವರು ಗಾಡಿ ಮಾರಿ ಆಗಿದೆ, ಮೆಸೇಜ್ ಅಳಿಸಿ ಸುಮ್ಮನಾಗುತ್ತಾರೆ. ಹಾಗಾಗಿ ಸೆಕೆಂಡ್ ಓನರ್ ತಾನೇ ಕೇಳಿ ತಿಳಿದುಕೊಳ್ಳಬೇಕು. ಹಲವು ಕಂಪನಿಗಳ ಜಾಲತಾಣದಲ್ಲಿ ಚಾಸಿಸ್ ನಂಬರ್ ಹಾಕಿ ನೋಡುವ ಅವಕಾಶವಿದೆ. ಇಲ್ಲವಾದರೆ ಅದೇ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ಗೆ ನಂಬರ್ ಕೊಟ್ಟು ಎರಡು ಪ್ರಶ್ನೆ ಕೇಳಿ. ರೀಕಾಲ್ ಬಾಕಿ ಇದೆಯೇ? ಕೊನೆಯ ಸರ್ವಿಸ್ ಎಷ್ಟು ಕಿ.ಮೀ.ಗೆ ಆಗಿದೆ? ಎರಡನೇ ಉತ್ತರದಲ್ಲಿ ಮೀಟರ್ ಹಿಂದಕ್ಕೆ ತಿರುಗಿಸಿದ್ದರೆ ಅದೂ ಬಯಲಾಗುತ್ತದೆ.

ಎಂಜಿನ್ ತಣ್ಣಗಿರುವಾಗ ಹೋಗಿ

ಗಾಡಿ ನೋಡಲು ಬೆಳಿಗ್ಗೆ ಹೋಗಿ, ಮೊದಲೇ ಸ್ಟಾರ್ಟ್ ಮಾಡಿಡಬೇಡಿ ಎಂದು ಹೇಳಿ. ಎಂಜಿನ್ ಮುಟ್ಟಿ ನೋಡಿದಾಗ ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿರಬಹುದು. ತಣ್ಣನೆಯ ಎಂಜಿನ್ ಸುಲಭವಾಗಿ ಸ್ಟಾರ್ಟ್ ಆಗಬೇಕು. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಿಡದೆ ಬರುತ್ತಿದ್ದರೆ ಎಂಜಿನ್ ಆಯಿಲ್ ಸುಡುತ್ತಿದೆ, ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಕೆಲಸ ಕಾದಿದೆ. ಕಪ್ಪು ಹೊಗೆ ಎಂದರೆ ಪೆಟ್ರೋಲ್ ಹೆಚ್ಚು ಸುಡುತ್ತಿದೆ.

ಮುಂದಿನ ಫೋರ್ಕ್ ಒತ್ತಿ ಬಿಟ್ಟು ಎಣ್ಣೆ ಜಿನುಗುತ್ತದೆಯೇ ನೋಡಿ. ಸೆಂಟರ್ ಸ್ಟ್ಯಾಂಡ್ ಹಾಕಿ ಹ್ಯಾಂಡಲ್ ಎರಡೂ ಕಡೆ ನಿಧಾನ ತಿರುಗಿಸಿ, ನಡುವೆ ಹಿಡಿದ ಹಾಗಾದರೆ ಕೋನ್‌ಸೆಟ್ ಹೋಗಿದೆ. ಚೈನ್ ಸ್ಪ್ರಾಕೆಟ್‌ನ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಸೆಟ್ ಬದಲಾಯಿಸಬೇಕು. ಟೈರ್ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 3221 ಎಂದರೆ 2021ರ 32ನೇ ವಾರ ತಯಾರಾದ ಟೈರ್. ಮೀಟರ್ 14 ಸಾವಿರ ಕಿ.ಮೀ. ತೋರಿಸುತ್ತಿದೆ, ಆದರೆ ಫುಟ್‌ರೆಸ್ಟ್ ರಬ್ಬರ್, ಹ್ಯಾಂಡಲ್ ಗ್ರಿಪ್, ಗೇರ್ ಲಿವರ್ ಸವೆದು ನುಣ್ಣಗಾಗಿವೆ ಎಂದರೆ ಮೀಟರ್ ಮಾತು ನಂಬಬೇಡಿ. ಫ್ರೇಮ್‌ನಲ್ಲಿ ಹೊಸ ವೆಲ್ಡಿಂಗ್ ಗುರುತು ಇದ್ದರೆ, ನೇರ ರಸ್ತೆಯಲ್ಲಿ ಗಾಡಿ ಒಂದು ಕಡೆ ಎಳೆದರೆ ದೊಡ್ಡ ಪೆಟ್ಟು ತಿಂದಿರುವ ಸಾಧ್ಯತೆ ಹೆಚ್ಚು. ಅಂಥದ್ದು ಎಷ್ಟು ಅಗ್ಗವಾದರೂ ಬೇಡ. ಮಾರುವವರ ಮೆಕ್ಯಾನಿಕ್ ಅಲ್ಲ, ನಿಮ್ಮ ಮೆಕ್ಯಾನಿಕ್‌ನ ಕರೆದೊಯ್ಯಿರಿ.

ಕೈ ಬದಲಾದರೆ ಹೆಸರೂ ಬದಲಾಗಬೇಕು

ಕೊಳ್ಳುವವರಷ್ಟೇ ಅಲ್ಲ, ಮಾರುವವರೂ ಇದನ್ನು ಗಮನವಿಟ್ಟು ಓದಬೇಕು. ‘ಟಿಟಿ ಫಾರಂಗೆ ಸಹಿ ಮಾಡಿ ಕೊಟ್ಟೀನಿ, ಇನ್ನ ನಂದೇನಿಲ್ಲ’ ಎಂದುಕೊಂಡರೆ ತಪ್ಪು. ಹಲವು ಕೈ ದಾಟಿದ್ದ ವಾಹನವೊಂದರ ಅಪಘಾತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ: ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕ, ಪರಿಹಾರದ ಹೊಣೆಯೂ ಅವರದ್ದೇ. ನೀವು ಮಾರಿದ ಗಾಡಿಯಲ್ಲಿ ಇನ್ಯಾರೋ ಅಪಘಾತ ಮಾಡಿದರೆ, ವಿಮೆಯೂ ಇಲ್ಲದಿದ್ದರೆ, ನೋಟಿಸ್ ಬರೋದು ನಿಮ್ಮ ಮನೆ ಬಾಗಿಲಿಗೆ.

ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಇದಕ್ಕೆ ಫಾರಂ 29, ಫಾರಂ 30 ಬೇಕು. ಬೇರೆ ರಾಜ್ಯದ ಗಾಡಿಗೆ ಫಾರಂ 28ರ ಎನ್‌ಒಸಿ ಬೇಕು, ಇಲ್ಲಿನ ತೆರಿಗೆಯೂ ಕಟ್ಟಬೇಕು. ಅಗ್ಗ ಎಂದು ಗೋವಾ, ಮಹಾರಾಷ್ಟ್ರದ ಗಾಡಿ ತರುವವರು ಈ ಲೆಕ್ಕ ಮೊದಲೇ ಹಾಕಲಿ. ಆಟೊ ಕನ್ಸಲ್ಟೆಂಟ್ ಮೂಲಕ ವ್ಯವಹಾರವಾದರೆ ಅವರ ಹತ್ತಿರ ಆರ್‌ಟಿಒ ಕೊಟ್ಟ ಅಧಿಕೃತ ಡೀಲರ್ ಪ್ರಮಾಣಪತ್ರ ಇದೆಯೇ ಕೇಳಿ. 2023ರ ಏಪ್ರಿಲ್‌ನಿಂದ ಇದಕ್ಕೆ ಕೇಂದ್ರದ ನಿಯಮ ಇದೆ.

ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ವಿಮೆ ಕಂಪನಿಗೆ ಅರ್ಜಿ ಕೊಡಿ. 2018ರ ಸೆಪ್ಟೆಂಬರ್ ನಂತರ ಮಾರಾಟವಾದ ಹೊಸ ಬೈಕ್‌ಗಳಿಗೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಮಾಡಿದ್ದರಿಂದ ‘ಇನ್ಶೂರೆನ್ಸ್ ಐತಿ’ ಅನ್ನೋದು ನಿಜವೇ ಇರಬಹುದು. ಆದರೆ ಅದು ಎದುರಿನವರಿಗೆ ಆದ ಹಾನಿಗೆ ಮಾತ್ರ. ಮಾಲೀಕ-ಚಾಲಕರಿಗೆ ಇರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಪಾಲಿಸಿಯಲ್ಲಿ ಹೆಸರಿರುವ ಮಾಲೀಕರಿಗೆ ಸೇರಿದ್ದು. ಹೆಸರು ಬದಲಾಯಿಸದೆ ಓಡಿಸುವವರಿಗೆ ಏನಾದರೂ ಆದರೆ ಮನೆಯವರಿಗೆ ಆ ಹಣ ಸಿಗುವುದಿಲ್ಲ. ಅಂಗಡಿ ಕೆಲಸಕ್ಕೆ ಹುಡುಗರ ಕೈಗೆ ಗಾಡಿ ಕೊಡುವ ವ್ಯಾಪಾರಸ್ಥರು ಪಾಲಿಸಿಯಲ್ಲಿ ಯಾರಿಗೆಲ್ಲ ರಕ್ಷಣೆ ಇದೆ ಎಂದು ಏಜೆಂಟರನ್ನು ಕೇಳಿ, ಬರೆಸಿಕೊಳ್ಳಿ.

ಹಣ ಕೊಡೋ ಮುಂಚೆ ಇಷ್ಟು ನೋಡ್ಕೊಳ್ಳಿ

* ಚಾಸಿಸ್, ಎಂಜಿನ್ ನಂಬರ್ ಮೂಲ ಆರ್‌ಸಿ ಜತೆ ತಾಳೆಯಾಗಿದೆಯೇ?
* ಪರಿವಾಹನ್, ಇ-ಚಲನ್, ವಾಹನ್ ಸಮನ್ವಯ ಮೂರರಲ್ಲೂ ನೋಡಿದ್ದಾಯಿತೇ?
* ಫೈನಾನ್ಸ್ ಇದ್ದರೆ ಎನ್‌ಒಸಿ, ಫಾರಂ 35 ಕೈಗೆ ಬಂತೇ?
* ಸರ್ವಿಸ್ ಸೆಂಟರ್‌ನಲ್ಲಿ ರೀಕಾಲ್, ಸರ್ವಿಸ್ ದಾಖಲೆ ಕೇಳಿದಿರಾ?
* ಫಾರಂ 29, 30ಕ್ಕೆ ಸಹಿ, ಮಾರಿದವರ ಗುರುತಿನ ಚೀಟಿಯ ಪ್ರತಿ ಸಿಕ್ಕಿತೇ?
* ಹಣ ಯುಪಿಐ ಅಥವಾ ಬ್ಯಾಂಕ್ ಮೂಲಕ ಮಾಲೀಕರ ಖಾತೆಗೇ ಹೋಯಿತೇ?
* ಮಾರಾಟ ಪತ್ರದಲ್ಲಿ ದಿನಾಂಕದ ಜತೆ ಗಾಡಿ ಕೈ ಬದಲಾದ ಸಮಯವೂ ಇದೆಯೇ? ಅದೇ ದಿನ ದಂಡವೋ ಅಪಘಾತವೋ ಆದರೆ ಯಾರ ಕೈಲಿತ್ತು ಎಂದು ತೋರಿಸಲು ಬೇಕಾಗುತ್ತದೆ.

ನಿಯತ್ತಿನಿಂದ ಮಾರುವವರಿಗೆ ಇದರಲ್ಲಿ ಯಾವುದೂ ಭಾರವಲ್ಲ. ನಂಬರ್ ತೋರಿಸಿ ಎಂದಾಗ ‘ನಂಬಿಕಿ ಇಲ್ಲೇನ್ರೀ?’ ಎಂದು ಸಿಟ್ಟಾಗುವವರ ಗಾಡಿಯನ್ನು ಅಲ್ಲೇ ಬಿಟ್ಟು ಬನ್ನಿ. ಪೇಟೆಯಲ್ಲಿ ಇನ್ನೊಂದು ಗಾಡಿ ಸಿಕ್ಕೇ ಸಿಗುತ್ತದೆ.